ಗಾಳಿ ನೋಡಿ ದಿನದ ಪ್ಲಾನ್: ಹ್ಯಾಟರಸ್ ದ್ವೀಪದಲ್ಲಿ ನಮ್ಮ ರಜೆ

ಹ್ಯಾಟರಸ್ ದ್ವೀಪಕ್ಕೆ ಹೋದಾಗ ಬೆಳಿಗ್ಗೆ ಎದ್ದು ನಾನು ಮೊದಲು ನೋಡುವುದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ. ಬಿಸಿಲು, ಮೋಡ ಎಲ್ಲ ಆಮೇಲೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಔಟರ್ ಬ್ಯಾಂಕ್ಸ್ ಅಂದರೆ ಕರಾವಳಿಯ ಮುಂದೆ ಉದ್ದಕ್ಕೆ ಚಾಚಿಕೊಂಡ ಮರಳು ದ್ವೀಪಗಳ ಸಾಲು. ಅದರಲ್ಲೊಂದಾದ ಹ್ಯಾಟರಸ್ ಕೆಲವು ಕಡೆ ಎಷ್ಟು ಕಿರಿದು ಅಂದರೆ, 12ನೇ ನಂಬರ್ ಹೆದ್ದಾರಿಯಿಂದ ಪೂರ್ವಕ್ಕೆ ನಡೆದರೆ ಅಟ್ಲಾಂಟಿಕ್, ಪಶ್ಚಿಮಕ್ಕೆ ನಡೆದರೆ ಪ್ಯಾಮ್ಲಿಕೋ ಸೌಂಡ್ ಅನ್ನುವ ವಿಶಾಲ ಹಿನ್ನೀರು. ಒಂದು ಕಡೆ ಆಡಲು ಆಗದ ದಿನ ಇನ್ನೊಂದು ಕಡೆ ಚೆನ್ನಾಗಿರುತ್ತದೆ. ಹಾಗಾಗಿ ಇವತ್ತು ಈಜು, ನಾಳೆ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಅಂತ ಮನೆಯಿಂದಲೇ ಪಟ್ಟಿ ಬರೆದುಕೊಂಡು ಬರುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ.

ಈಶಾನ್ಯದ ಗಾಳಿ ಜೋರಾಗಿದ್ದರೆ ರೊಡ್ಯಾಂತಿ, ಏವನ್ ಊರುಗಳ ಕಡೆಯ ಕಡಲು ಒರಟಾಗುತ್ತದೆ. ಆಗ ನಾವು ದಕ್ಷಿಣಕ್ಕೆ ಫ್ರಿಸ್ಕೊ ಕಡೆ ಹೊರಡುತ್ತೇವೆ. ಕೇಪ್ ಹ್ಯಾಟರಸ್ ಭೂಶಿರದ ಹತ್ತಿರ ದ್ವೀಪ ಮೊಣಕೈಯಂತೆ ಬಾಗುವುದರಿಂದ ಅಲ್ಲಿನ ಬೀಚ್ ದಕ್ಷಿಣಕ್ಕೆ ಮುಖ ಮಾಡಿದೆ, ಗಾಳಿ ಬೆನ್ನ ಹಿಂದಿನಿಂದ ಬರುತ್ತದೆ. ನೀರೂ ಅಲ್ಲಿ ಸಾಮಾನ್ಯವಾಗಿ ಸ್ವಲ್ಪ ಬೆಚ್ಚಗಿರುತ್ತದೆ.

ಬೇಸಿಗೆಯಲ್ಲಿ ಜಾಸ್ತಿ ಬೀಸುವುದು ನೈಋತ್ಯದ ಗಾಳಿ. ಇದು ಮೋಸದ ಗಾಳಿ. ದಡದಲ್ಲಿ ಸುಡು ಬಿಸಿಲು, ನೀರಿಗಿಳಿದರೆ ಕಾಲು ಮರಗಟ್ಟುವಷ್ಟು ತಣ್ಣಗೆ. ಮೇಲಿನ ಬೆಚ್ಚನೆಯ ನೀರನ್ನು ಗಾಳಿ ಕಡಲಿನತ್ತ ಸರಿಸುತ್ತದೆ, ತಳದ ತಣ್ಣೀರು ದಡದ ಹತ್ತಿರ ಮೇಲೆದ್ದು ಬರುತ್ತದೆ. ಉತ್ತರದ ಊರುಗಳಲ್ಲಿ ಇದು ಇನ್ನೂ ಜಾಸ್ತಿ. ಅಂಥ ದಿನ ಗಾಳಿ ತುಂಬಿದ ಟ್ಯೂಬು, ತೆಪ್ಪಗಳನ್ನು ಕಡಲಿಗೆ ಇಳಿಸಲು ನಾನು ಬಿಡುವುದಿಲ್ಲ. ಪೂರ್ವಕ್ಕೆ ಮುಖ ಮಾಡಿದ ಬೀಚಿನಲ್ಲಿ ಆ ಗಾಳಿ ದಡದಿಂದ ಆಚೆಗೇ ತಳ್ಳುತ್ತದೆ. ಇನ್ನು ಪಶ್ಚಿಮದ ಗಾಳಿ ಬಂದರೆ ಕಚ್ಚುವ ನೊಣಗಳೂ ಬೀಚಿಗೆ ಬರುತ್ತವೆ. ಛತ್ರಿ ಮಡಚಿ ಮನೆಗೆ ಹೋಗುವುದು ವಾಸಿ.

ಈಜುವ ದಿನ ಬೀಚಿಗೆ ಹೋದ ತಕ್ಷಣ ನೀರಿಗೆ ಓಡುವಂತಿಲ್ಲ. ಮರಳು ದಿಬ್ಬದ ಮೇಲಿನ ಮರದ ಮೆಟ್ಟಿಲ ಹತ್ತಿರ ನಿಂತು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತೇವೆ. ಎಲ್ಲ ಕಡೆ ಅಲೆ ಒಡೆದು ಬಿಳಿ ನೊರೆ ಏಳುತ್ತಿರುವಾಗ ಒಂದು ಜಾಗದಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ. ನೀರು ಸ್ವಲ್ಪ ಕಪ್ಪಾಗಿ, ಸಮತಟ್ಟಾಗಿ ಕಾಣುತ್ತದೆ. ನೊರೆ ಅಲ್ಲಿಂದ ಕಡಲಿನತ್ತ ಸಾಗುತ್ತಿರುತ್ತದೆ. ಹೊಸಬರಿಗೆ ಅದೇ ಶಾಂತವಾದ ಜಾಗ ಅನ್ನಿಸುತ್ತದೆ, ಅಲ್ವಾ? ಅದೇ ರಿಪ್ ಕರೆಂಟ್, ಅಂದರೆ ದಡದಿಂದ ಕಡಲಿನತ್ತ ಎಳೆದೊಯ್ಯುವ ಸೆಳೆತ. ಸಿಕ್ಕಿಕೊಂಡರೆ ದಡಕ್ಕೆ ನೇರವಾಗಿ ಹೊಡೆದಾಡದೆ, ದಡದ ಉದ್ದಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದತ್ತ ತಿರುಗಬೇಕು. ಮಗಳಿಗೆ ಇದನ್ನು ಮೇಲಿಂದಲೇ ತೋರಿಸಿ ಕಲಿಸಿದೆ. ಈಗ ಅವಳೇ ಮೊದಲು ಬೆರಳು ತೋರಿಸುತ್ತಾಳೆ.

ಹೋದ ವರ್ಷ ಆಳ ಕಡಿಮೆಯಿತ್ತು ಅಂತ ಈ ವರ್ಷ ನಂಬುವಂತಿಲ್ಲ. ಇಲ್ಲಿ ಮರಳು ಒಂದೇ ಕಡೆ ನಿಲ್ಲುವುದಿಲ್ಲ. 1870ರಲ್ಲಿ ಕಟ್ಟಿ ಮುಗಿಸಿದ ಕೇಪ್ ಹ್ಯಾಟರಸ್ ದೀಪಸ್ತಂಭದ ಹತ್ತಿರಕ್ಕೆ ಕಡಲು ಬಂದಿದ್ದರಿಂದ, 1999ರಲ್ಲಿ ಇಡೀ ಸ್ತಂಭವನ್ನೇ ಎತ್ತಿ ಸುಮಾರು 880 ಮೀಟರ್ ದೂರಕ್ಕೆ ಸರಿಸಬೇಕಾಯಿತು. ಅಷ್ಟು ದೊಡ್ಡ ಇಟ್ಟಿಗೆ ಕಟ್ಟಡವೇ ಜಾಗ ಬಿಡಬೇಕಾದರೆ ನೀರೊಳಗಿನ ಮರಳ ದಿಣ್ಣೆಯ ಪಾಡು ಕೇಳಬೇಕೆ! ಭೂಶಿರದ ತುದಿಯಾದ ಕೇಪ್ ಪಾಯಿಂಟ್‌ನಲ್ಲಂತೂ ಎರಡು ದಿಕ್ಕಿನ ಅಲೆಗಳು ಬಂದು ಮುಖಾಮುಖಿ ಡಿಕ್ಕಿ ಹೊಡೆಯುತ್ತವೆ. ನೋಡಲು ಚೆಂದ, ಈಜಲು ಖಂಡಿತ ಅಲ್ಲ.

ಹಿನ್ನೀರಿನ ಕಡೆ ಕಥೆಯೇ ಬೇರೆ. ದಡದಿಂದ ತುಂಬ ದೂರದವರೆಗೆ ಸೊಂಟದ ಮಟ್ಟವೂ ನೀರಿಲ್ಲದ ಜಾಗಗಳಿವೆ. ಉಬ್ಬರ ಇಳಿತಕ್ಕಿಂತ ಗಾಳಿಯೇ ಅಲ್ಲಿ ನೀರನ್ನು ಏರಿಸಿ ಇಳಿಸುತ್ತದೆ. ಏವನ್ ಮತ್ತು ಬಕ್ಸ್‌ಟನ್ ನಡುವಿನ ಕೆನೇಡಿಯನ್ ಹೋಲ್‌ನಲ್ಲಿ ಗಾಳಿ ಜೋರಿದ್ದ ದಿನ ಕೈಟ್‌ಬೋರ್ಡಿಂಗ್ (ದೊಡ್ಡ ಗಾಳಿಪಟ ಹಿಡಿದು ಹಲಗೆಯ ಮೇಲೆ ನೀರಲ್ಲಿ ಜಾರುವುದು) ಮಾಡುವವರ ಜಾತ್ರೆ. ನಮ್ಮದು ಕಯಾಕ್, ಅದಕ್ಕೆ ಸಾಲ್ವೊ ಕಡೆ ಹೋಗುತ್ತೇವೆ. ನಾನು ತಪ್ಪದೆ ಪಾಲಿಸುವ ನಿಯಮ ಒಂದೇ: ಮೊದಲು ಗಾಳಿಗೆ ಎದುರಾಗಿ ಹುಟ್ಟು ಹಾಕು. ತೋಳು ಸೋತಾಗ ಗಾಳಿಯೇ ವಾಪಸ್ ತರುತ್ತದೆ. ಹಳೆಯ ಶೂ ಹಾಕಿಕೊಂಡೇ ನೀರಿಗಿಳಿಯಬೇಕು, ಸಿಂಪಿಯ ಚಿಪ್ಪು ಬ್ಲೇಡಿನಷ್ಟು ಹರಿತ. ಕಾಲೆತ್ತಿ ಇಡದೆ ತಳಕ್ಕೆ ತೇಯುತ್ತಾ ನಡೆಯಬೇಕು. ಮರಳಲ್ಲಿ ಅಡಗಿರುವ, ಬಾಲದ ಮುಳ್ಳಿನಿಂದ ಚುಚ್ಚುವ ತೊರಕೆ ಮೀನು ಆಗ ತಾನಾಗಿಯೇ ಸರಿದುಕೊಳ್ಳುತ್ತದೆ.

ಗಾಳ ಹಾಕುವ ಹುಚ್ಚು ನಮ್ಮ ಭಾವನದು. 16 ವರ್ಷ ಆದವರಿಗೆಲ್ಲ ರಾಜ್ಯದ ಲೈಸೆನ್ಸ್ ಬೇಕು. ಬೀಚಿನ ಮೇಲೆ ಗಾಡಿ ಓಡಿಸಲು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಪರ್ಮಿಟ್ ಬೇರೆ. ಸಲಿಕೆ, ಜಾಕ್, ಜಾಕ್ ಕೆಳಗೆ ಇಡಲು ಹಲಗೆ, ಟೈರ್ ಗೇಜ್ ಗಾಡಿಯಲ್ಲಿ ಇರಲೇಬೇಕು. ಮರಳಿಗೆ ಇಳಿಯುವ ಮೊದಲು ನಾಲ್ಕೂ ಟೈರಿನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸುತ್ತೇವೆ. ಟೈರು ಅಗಲವಾಗಿ ಹರಡಿಕೊಂಡು ಮರಳ ಮೇಲೆ ತೇಲಿದ ಹಾಗೆ ಹೋಗುತ್ತದೆ. ಬೇಸಿಗೆಯಲ್ಲಿ ಹಕ್ಕಿಗಳು, ಕಡಲಾಮೆಗಳು ಮೊಟ್ಟೆ ಇಡುವ ಜಾಗಗಳನ್ನು ಮುಚ್ಚಿರುತ್ತಾರೆ. ಹಾಗಾಗಿ ಯಾವ ದಾರಿ ತೆರೆದಿದೆ ಅಂತ ಅವತ್ತಿನ ಮ್ಯಾಪ್ ನೋಡಿಯೇ ಹೊರಡುವುದು.

ದೂರಕ್ಕೆ ಎಸೆದಷ್ಟೂ ಒಳ್ಳೆಯ ಮೀನು ಅಂತ ನಾನು ಅಂದುಕೊಂಡಿದ್ದೆ. "ನೀನು ನೀರಿಗಿಳಿದು ನಿಲ್ಲುವ ಜಾಗದಲ್ಲೇ ಮೀನಿರುತ್ತೆ ಮಾರಾಯ, ಮೊದಲು ಅಲ್ಲಿ ಹಾಕು" ಅಂತ ಭಾವ ಹೇಳಿದರು. ದಡಕ್ಕೂ ಮೊದಲ ಮರಳ ದಿಣ್ಣೆಗೂ ನಡುವೆ ಒಂದು ಕಾಲುವೆಯಂಥ ತಗ್ಗು ಇರುತ್ತದೆ. ಪಾಂಪನೊ ಥರದ ಮೀನು ಅಲ್ಲೇ ಮೇಯಲು ಬರುತ್ತದೆ. ಎರೆ ಕೂಡ ಕಾಲ ಬುಡದಲ್ಲೇ ಸಿಗುತ್ತದೆ. ಅಲೆ ಹಿಂದೆ ಸರಿಯುವಾಗ ಒದ್ದೆ ಮರಳಿನ ಮೇಲೆ ಸಣ್ಣ ಸಣ್ಣ 'ವಿ' ಆಕಾರದ ಗೆರೆ ಮೂಡುತ್ತದೆ. ಅಲ್ಲೇ ಎರಡೂ ಕೈ ತೂರಿಸಿ ಬಾಚಿದರೆ ಹೆಬ್ಬೆರಳ ತುದಿಯಷ್ಟು ದಪ್ಪದ ಬೂದು ಬಣ್ಣದ ಮರಳೇಡಿ, ಬೆರಳ ಸಂದಿಯಿಂದ ಹಿಂದಕ್ಕೇ ಕೊರೆದುಕೊಂಡು ಜಾರಲು ನೋಡುತ್ತದೆ. ಅದಕ್ಕೆ ಬೇರೆ ಏಡಿಗಳಂತೆ ಚಿವುಟುವ ಇಕ್ಕಳವಿಲ್ಲ, ಕಚ್ಚುವುದೂ ಇಲ್ಲ. ಮಗಳು ಮೀನು ಹಿಡಿಯುವುದು ಬಿಟ್ಟು ಇವನ್ನೇ ಬಕೆಟ್ಟಿಗೆ ತುಂಬಿಕೊಳ್ಳುತ್ತಾಳೆ, ಭಾವ ಕದ್ದು ಗಾಳಕ್ಕೆ ಹಾಕುತ್ತಾರೆ. ಜಗಳ ಗ್ಯಾರಂಟಿ.

ಸಂಜೆ ಬಿಡುವಾದರೆ ನ್ಯಾಗ್ಸ್ ಹೆಡ್‌ನ ಜಾಕೀಸ್ ರಿಡ್ಜ್ ಮರಳು ಗುಡ್ಡದ ಮೇಲೆ ಗಾಳಿಪಟ. ಮಧ್ಯಾಹ್ನ ಹೋದರೆ ಅಂಗಾಲು ಸುಡುತ್ತದೆ. ರೈಟ್ ಸಹೋದರರು 1903ರಲ್ಲಿ ವಿಮಾನ ಹಾರಿಸಿದ ಕಿಲ್ ಡೆವಿಲ್ ಹಿಲ್ಸ್ ಅಲ್ಲೇ ಹತ್ತಿರ. ಅವರೂ ಇಲ್ಲಿಗೆ ಬಂದದ್ದು ಗಾಳಿ ಮತ್ತು ಮೆತ್ತನೆಯ ಮರಳಿಗಾಗಿಯೇ. ಬೀಚು ಬಿಡುವ ಮೊದಲು ಮಕ್ಕಳು ತೋಡಿದ ಗುಂಡಿಯನ್ನು ಮುಚ್ಚಿಸುತ್ತೇನೆ. ರಾತ್ರಿ ಮೊಟ್ಟೆ ಇಡಲು ಬರುವ ಆಮೆ ಅದರಲ್ಲಿ ಬಿದ್ದರೆ ಮೇಲೇಳುವುದು ಕಷ್ಟ.

ಗಾಳಿಯೇ ಇಲ್ಲದ ದಿನ ಅಪರೂಪ. ಸಿಕ್ಕರೆ ಹ್ಯಾಟರಸ್ ಹಳ್ಳಿಯಿಂದ ಗಾಡಿ ಸಮೇತ ಪುಕ್ಕಟೆ ಫೆರ್ರಿ ಹತ್ತಿ ಪಕ್ಕದ ಓಕ್ರಾಕೋಕ್ ದ್ವೀಪಕ್ಕೆ ಹೋಗುತ್ತೇವೆ. ಇಳಿತದ ಹೊತ್ತಿಗೆ ಅಲ್ಲಿದ್ದರೆ ಚಿಪ್ಪು ಹೆಕ್ಕಲು ಒಳ್ಳೆಯದು. ಬಕ್ಸ್‌ಟನ್ ವುಡ್ಸ್ ಕಾಡಿನ ನಡಿಗೆಯನ್ನು ಮಾತ್ರ ಅಂಥ ದಿನಕ್ಕೆ ಇಟ್ಟುಕೊಳ್ಳಬೇಡಿ. ಗಾಳಿ ನಿಂತರೆ ಅಲ್ಲಿ ಸೊಳ್ಳೆಗಳದೇ ರಾಜ್ಯ.