ಮಳೆಗಾಲಕ್ಕೊಂದು ಡ್ಯಾನ್ಸ್ ಕ್ಲಾಸ್: ಸೇರುವುದು ಹೇಗೆ?

ಮೃಗಶಿರಾ ಮಳೆ ಹಿಡಿಯುವವರೆಗೆ ಬೆಳಿಗ್ಗೆ ಆರಕ್ಕೇ ವಾಕಿಂಗಿಗೆ ಬೂಟು ಕಟ್ಟುತ್ತಿದ್ದವರು ಆರಿದ್ರಾ ಹೊತ್ತಿಗೆ ಕಿಟಕಿ ಪಕ್ಕ ನಿಂತು ಕಾಫಿ ಕುಡಿಯುತ್ತಿರುತ್ತಾರೆ. ಶಿವಮೊಗ್ಗದಲ್ಲೇ ಹೀಗಾದರೆ ತೀರ್ಥಹಳ್ಳಿ, ಹೊಸನಗರದ ಕಡೆಯವರ ಪಾಡು ಕೇಳುವುದೇ ಬೇಡ. ಅಂಗಳಕ್ಕಿಳಿದರೆ ಪಾಚಿ, ತೋಟಕ್ಕಿಳಿದರೆ ಉಂಬಳ. ಡ್ಯಾನ್ಸ್ ಕ್ಲಾಸ್ ಸೇರಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಅನ್ನುವುದು ನನ್ನ ಲೆಕ್ಕ. ತಲೆ ಮೇಲೆ ಸೂರು ಇರುತ್ತದೆ, ಮೈ ಬಿಸಿಯಾಗುತ್ತದೆ, ನಾಲ್ಕು ಜನರ ಮುಖವೂ ಕಾಣುತ್ತದೆ.

ಮೊದಲು, ಯಾವುದು ಅಂತ ಗೊತ್ತು ಮಾಡಿಕೊಳ್ಳಿ

ಬೇಗ ಬೆವರು ಹರಿಯಬೇಕು, ಸ್ಟೆಪ್ ತಪ್ಪಿದರೂ ಯಾರೂ ಬೈಯಬಾರದು ಅನ್ನುವವರಿಗೆ ಜುಂಬಾ, ಅಂದರೆ ಹಾಡಿಗೆ ಕುಣಿಯುತ್ತಾ ಮಾಡುವ ವ್ಯಾಯಾಮ, ಸರಿ. ಅದು ಹುಟ್ಟಿದ್ದೇ ಒಂದು ಮರೆವಿನಿಂದ. 1990ರ ದಶಕದಲ್ಲಿ ಕೊಲಂಬಿಯಾದ ಏರೋಬಿಕ್ಸ್ ಮೇಷ್ಟ್ರು ಬೆಟೊ ಪೆರೆಜ್ ಕ್ಲಾಸಿಗೆ ಹಾಕುವ ಕ್ಯಾಸೆಟ್ ಮರೆತು ಬಂದರು. ಕೈಗೆ ಸಿಕ್ಕ ಸಾಲ್ಸಾ, ಮೆರೆಂಗೆ ಅನ್ನುವ ಲ್ಯಾಟಿನ್ ಕುಣಿತದ ಹಾಡು ಹಾಕಿ ಅಲ್ಲೇ ಹೊಳೆದಂತೆ ಕುಣಿಸಿದರು. ಹಾಗಾಗಿ ಅಲ್ಲಿ ತಪ್ಪಿಗೆ ಜಾಸ್ತಿ ಬೆಲೆ ಇಲ್ಲ.

ಭರತನಾಟ್ಯದ ಮಾತೇ ಬೇರೆ. ಮೊದಲ ತಿಂಗಳುಗಳು ಅರಮಂಡಿಯಲ್ಲಿ (ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತ ಭಂಗಿ) ನಿಂತು ತಟ್ಟಡವು, ನಾಟ್ಟಡವು ಅನ್ನುವ ಮೊದಲ ಪಾಠದ ಹೆಜ್ಜೆಗಳನ್ನು ಹಾಕುವುದರಲ್ಲೇ ಹೋಗುತ್ತವೆ. ಹಾಡಿಗೆ ಕುಣಿಯುವ ಆಸೆಯಿಂದ ಹೋದವರಿಗೆ ಬೇಸರ ಬರಬಹುದು. ಆದರೆ ಒಂದೇ ಅಡವನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಕಿ ನೋಡಿ. ಮೂರನೇ ಕಾಲಕ್ಕೆ ಬರುವಷ್ಟರಲ್ಲಿ ತೊಡೆ ನಡುಗುತ್ತಿರುತ್ತದೆ.

ನಮ್ಮ ಸುತ್ತಲೇ ಇರುವುದನ್ನು ಮರೆಯುವುದು ಯಾಕೆ? ಡೊಳ್ಳು ಹೆಗಲಿಗೆ ಹಾಕಿ ಹತ್ತು ನಿಮಿಷ ಕುಣಿದವರಿಗೆ ಬೇರೆ ಜಿಮ್ ಬೇಡ. ಸಾಗರದ ಕಡೆ ಹೆಂಗಸರ ಡೊಳ್ಳಿನ ತಂಡಗಳೂ ಇವೆ. ಕೋಲಾಟ ಇನ್ನೂ ಸಲೀಸು, ಎದುರಿನವರ ಬೆರಳಿಗೆ ಕೋಲು ತಾಗದಿದ್ದರೆ. ಬಡಗುತಿಟ್ಟು ಶೈಲಿಯ ಯಕ್ಷಗಾನ ಹೆಜ್ಜೆಯನ್ನು ದೊಡ್ಡವರೂ ಕಲಿಯಬಹುದು. ಮೊಣಕಾಲು ನೋವಿದ್ದವರು ಮಂಡಿಯೂರಿ ಸುತ್ತುವ ಮಂಡಿ ಕುಣಿತದ ಆಸೆ ಮಾತ್ರ ಬಿಡಿ.

ದುಡ್ಡು ಕಟ್ಟುವ ಮುಂಚೆ ಒಂದು ದಿನ ಹೋಗಿ ನೋಡಿ

ನಾನು ನೋಡದೆ ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿದ್ದೆ. ಹೋಗಿದ್ದು ಐದು ಕ್ಲಾಸ್. ಹಾಲ್ ಇದ್ದಿದ್ದು ಊರಿನ ಆ ತುದಿಯಲ್ಲಿ. ಜಡಿಮಳೆಯಲ್ಲಿ ಎರಡು ಬಸ್ ಬದಲಾಯಿಸಿ ಕುಣಿಯಲು ಹೋಗುವಷ್ಟು ಹುಮ್ಮಸ್ಸು ನನಗಿರಲಿಲ್ಲ. ಹಾಗಾಗಿ ಸ್ಟೈಲ್‌ಗಿಂತ ಮೊದಲು ದಾರಿ ನೋಡಿ. ಕೊಡೆ ಹಿಡಿದು ನಡೆದು ಹೋಗುವಷ್ಟು ಹತ್ತಿರದ ಸಾಧಾರಣ ಕ್ಲಾಸ್, ದೂರದ ಒಳ್ಳೆಯ ಕ್ಲಾಸಿಗಿಂತ ವಾಸಿ.

ಆಮೇಲೆ ನೆಲ ನೋಡಿ. ಟೈಲ್ಸ್, ಗ್ರಾನೈಟ್, ಸಿಮೆಂಟ್ ನೆಲ ಗಟ್ಟಿ. ಅದರ ಮೇಲೆ ಜಿಗಿದರೆ ಪೆಟ್ಟೆಲ್ಲ ಮೊಣಕಾಲು, ಹಿಮ್ಮಡಿಗೆ. ಮರದ ನೆಲ ಅಥವಾ ದಪ್ಪ ರಬ್ಬರ್ ಹಾಸಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಜಿಗಿತದ ಬದಲು ಪಕ್ಕಕ್ಕೆ ಹೆಜ್ಜೆ ಹಾಕಿಸುತ್ತಾರಾ ಕೇಳಿ. ಒದ್ದೆ ಚಪ್ಪಲಿ ಬಾಗಿಲಲ್ಲೇ ಬಿಡಿಸುತ್ತಾರಾ ಅನ್ನುವುದನ್ನೂ ನೋಡಿ. ಒದ್ದೆ ಟೈಲ್ಸ್ ಮೇಲೆ ಒಂದು ಸುತ್ತು ತಿರುಗಿದರೆ ಸಾಕು, ಕೆಲಸ ಕೆಟ್ಟಿತು. ಮೇಷ್ಟ್ರು ಶುರುವಿಗೆ ಐದು-ಹತ್ತು ನಿಮಿಷ ಮೈ ಬಿಸಿ ಮಾಡಿಸದೆ ನೇರ ಹಾಡು ಹಾಕಿದರೆ ಅಲ್ಲಿಂದ ಎದ್ದು ಬನ್ನಿ.

ವಾರಕ್ಕೆ ಎಷ್ಟು ದಿನ? ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐವತ್ತು ನಿಮಿಷದ ಮೂರು ಕ್ಲಾಸಿಗೆ ಲೆಕ್ಕ ಸರಿಹೋಯಿತು. ಮಧ್ಯಮ ಅಂದರೆ ಕುಣಿಯುತ್ತಾ ಪಕ್ಕದವರ ಜೊತೆ ಮಾತಾಡಬಹುದು, ಹಾಡಲು ಮಾತ್ರ ಉಸಿರು ಸಾಲದು. ಬಿಪಿ, ಹೃದಯದ ತೊಂದರೆ, ಹಳೆಯ ಮೊಣಕಾಲು ನೋವು ಇದ್ದವರು, ಬಸುರಿಯರು ಮೊದಲು ಡಾಕ್ಟರನ್ನು ಕೇಳಿ. ಮೇಷ್ಟ್ರಿಗೂ ಹೇಳಿ.

ಬಟ್ಟೆ, ಬೂಟು

ಮಲೆನಾಡಿನ ಮಳೆಗಾಲದಲ್ಲಿ ಹತ್ತಿ ಬಟ್ಟೆ ಒಣಗುವುದಿಲ್ಲ, ಗೊತ್ತಲ್ಲ. ಬೇಗ ಆರುವ ಪಾಲಿಯೆಸ್ಟರ್ ಟೀಶರ್ಟ್ ಎರಡು-ಮೂರು ಇಟ್ಟುಕೊಳ್ಳಿ. ಬ್ಯಾಗಿನಲ್ಲಿ ಒಣಗಿದ ಸಾಕ್ಸ್ ಇರಲಿ. ಜುಂಬಾಕ್ಕೆ ಓಡುವ ಬೂಟು ಬೇಡ. ಅದರ ಅಡಿ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಸಿಕ್ಕುವುದು ಮೊಣಕಾಲು. ಅಡಿ ಸ್ವಲ್ಪ ನುಣುಪಾಗಿರುವ ಬೂಟು ಆರಿಸಿ, ಅದನ್ನು ಹಾಲ್ ಒಳಗೆ ಮಾತ್ರ ಹಾಕಿ. ಭರತನಾಟ್ಯಕ್ಕೆ ಬರಿಗಾಲೇ.

ಮೊದಲ ದಿನ

ಎಲ್ಲ ಹೊಸಬರೂ ನಾಚಿಕೊಂಡು ಕೊನೇ ಸಾಲಿಗೆ ಹೋಗುತ್ತಾರೆ. ಅದೇ ತಪ್ಪು. ನಡುವೆ ಎಲ್ಲರೂ ಹಿಂದಕ್ಕೆ ತಿರುಗುವ ಸ್ಟೆಪ್ ಬಂದೇ ಬರುತ್ತದೆ. ಆಗ ಕೊನೇ ಸಾಲು ಮೊದಲ ಸಾಲಾಗುತ್ತದೆ, ನಿಮ್ಮ ಮುಂದೆ ನೋಡಿ ಕಲಿಯಲು ಗೋಡೆ ಬಿಟ್ಟರೆ ಏನೂ ಇರುವುದಿಲ್ಲ. ನಡು ಸಾಲಿನಲ್ಲಿ ನಿಲ್ಲಿ. ಮೊದಲ ವಾರ ಬರೀ ಕಾಲು ನೋಡಿ, ಕೈ ಹೇಗಾದರೂ ಇರಲಿ. ಮನಸ್ಸಿನಲ್ಲೇ ಎಂಟರವರೆಗೆ ಎಣಿಸುತ್ತಿರಿ. ಸಿನಿಮಾ ಹಾಡಿನ ಸ್ಟೆಪ್ಪುಗಳು ಹೆಚ್ಚಾಗಿ ಎಂಟರ ಲೆಕ್ಕದಲ್ಲೇ ಕೂರುತ್ತವೆ. ಭರತನಾಟ್ಯದಲ್ಲಿ ಬರುವ ಆದಿತಾಳಕ್ಕೂ ಎಂಟೇ ಅಕ್ಷರ, ಅಂದರೆ ಎಂಟೇ ಎಣಿಕೆ. ದಾರಿ ತಪ್ಪಿದರೆ ನಿಂತಲ್ಲೇ ಹೆಜ್ಜೆ ಹಾಕುತ್ತಾ ಎಣಿಕೆ ಮತ್ತೆ ಒಂದಕ್ಕೆ ಬರುವವರೆಗೆ ಕಾದು ಸೇರಿಕೊಳ್ಳಿ.

ಕಡುಬು-ಚಟ್ನಿ ಹೊಟ್ಟೆ ತುಂಬಾ ತಿಂದು ಹೋಗಬೇಡಿ. ಊಟವಾಗಿ ಎರಡು ಗಂಟೆ ಕಳೆದಿರಲಿ. ತೀರಾ ಹಸಿವಾದರೆ ಒಂದು ಏಲಕ್ಕಿ ಬಾಳೆ. ಚಳಿ ಇದ್ದರೂ ನೀರಿನ ಬಾಟಲಿ ಬೇಕು, ಬೆವರು ಹೋಗುವುದು ಹೋಗುತ್ತಲೇ ಇರುತ್ತದೆ. ಹಾಡು ಮುಗಿದ ಕೂಡಲೇ ಕೂತುಬಿಡಬೇಡಿ, ಸ್ವಲ್ಪ ಅಡ್ಡಾಡಿ.

ಎರಡನೇ ದಿನ ತೊಡೆ, ಮೀನಖಂಡ ಹಿಡಿದುಕೊಳ್ಳುತ್ತವೆ. ಇಂಡಿಯನ್ ಟಾಯ್ಲೆಟ್ ಇದ್ದವರಿಗಂತೂ ಪರೀಕ್ಷೆ. ಹೆದರಬೇಡಿ, ಎರಡು-ಮೂರು ದಿನದಲ್ಲಿ ಬಿಡುತ್ತದೆ. ಕೀಲಿನಲ್ಲಿ ಚುಚ್ಚಿದಂತಾದರೆ, ಊದಿದರೆ ಮಾತ್ರ ಕ್ಲಾಸ್ ನಿಲ್ಲಿಸಿ ತೋರಿಸಿ. ಅರಮಂಡಿಯಲ್ಲಿ ಮಂಡಿ ನೋಯುತ್ತಿದ್ದರೆ ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಮಂಡಿ ಕಾಲ್ಬೆರಳು ಇರುವ ದಿಕ್ಕಿಗೇ ಇರಬೇಕು, ಒಳಗೆ ವಾಲಬಾರದು. ತಿರುವು ಸೊಂಟದಿಂದ ಬರಬೇಕು, ಪಾದವನ್ನು ತಿರುಚಿದರೆ ಆಗುವುದಿಲ್ಲ.

ಮೂರನೇ ವಾರ ಕಷ್ಟದ್ದು. ಹೊಸತನ ಹೋಗಿರುತ್ತದೆ, ಸ್ಟೆಪ್ ಇನ್ನೂ ಬಂದಿರುವುದಿಲ್ಲ, ಹೊರಗೆ ಪುನರ್ವಸು ಹೊಯ್ಯುತ್ತಿರುತ್ತದೆ. ಅಂಥ ಸಂಜೆ ಹೋಗಲಾಗದಿದ್ದರೆ ಮನೆಯಲ್ಲೇ ಎರಡು ಹಾಡಿಗೆ ಕುಣಿಯಿರಿ. ಹಳೇ ಮನೆಯವರಿಗೆ ಹಲಗೆಯ ಅಟ್ಟವೇ ಮರದ ನೆಲ. ಹಲಗೆ ಗಟ್ಟಿ ಇದೆಯಾ, ಕೆಳಗೆ ಯಾರೂ ಮಲಗಿಲ್ಲವಾ ಅಂತ ಮೊದಲು ನೋಡಿಕೊಳ್ಳಿ.