ಮೂರು ಚಕ್ರದ ಬೈಕ್: ಸೊನ್ನೆಯಿಂದ ಕಲಿತ ನನ್ನ ಅನುಭವ

ನನ್ನ ಎಡಗಾಲಿನಲ್ಲಿ ಬಲ ಕಡಿಮೆ. ಮಂಡಿಯ ಆಪರೇಷನ್ ಆದ ಮೇಲೆ ಭಾರದ ಗಾಡಿಯನ್ನು ಒಂದೇ ಕಾಲಿನ ಮೇಲೆ ತಡೆದು ನಿಲ್ಲಿಸುವುದು ನನ್ನಿಂದ ಆಗುವ ಕೆಲಸವಲ್ಲ. ಆದರೆ ಗಾಳಿಗೆ ಮುಖ ಕೊಟ್ಟು ಓಡಿಸುವ ಆಸೆ ಬಿಡಲು ಮನಸ್ಸೂ ಬರಲಿಲ್ಲ. ಹಾಗೆ ಮೂರು ಚಕ್ರದ ಬೈಕಿಗೆ ಬಂದೆ. ಅದಕ್ಕೆ ಮುಂಚೆ ನನಗೆ ಗೊತ್ತಿದ್ದದ್ದು ಕಾರು ಮಾತ್ರ. ಮೊದಲ ಸಲ ಈ ಗಾಡಿ ಹತ್ತಬೇಕು ಅಂತ ಯೋಚಿಸುತ್ತಿರುವವರಿಗೆ ನಾನು ಕಲಿತದ್ದನ್ನು ಹೇಳಬೇಕು ಅನ್ನಿಸಿದೆ.

ಗಾಡಿ ನೋಡಲು ಹೋದಾಗ ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ: ಇದು ತಿರುವಿನಲ್ಲಿ ವಾಲುತ್ತದೋ, ಇಲ್ಲವೋ? ಬಣ್ಣ, ಎಂಜಿನ್, ಸೀಟು ಎಲ್ಲ ಆಮೇಲೆ. ಈ ಒಂದು ಉತ್ತರದ ಮೇಲೆ ನೀವು ಏನು ಕಲಿಯಬೇಕು, ಯಾವುದಕ್ಕೆ ಹೆದರಬೇಕು ಅನ್ನೋದು ನಿಂತಿದೆ.

ವಾಲುವ ಗಾಡಿಗಳು ಅಂದರೆ ಪಿಯಾಜಿಯೋ ಎಂಪಿ3, ಯಮಹಾ ಟ್ರೈಸಿಟಿ, ಯಮಹಾ ನಿಕೆನ್ ಥರದವು. ಮುಂದೆ ಎರಡು ಚಕ್ರ, ಹಿಂದೆ ಒಂದು. ಮುಂದಿನ ಎರಡೂ ಚಕ್ರ ಒಟ್ಟಿಗೆ ಬಾಗುತ್ತವೆ. ಎಂಪಿ3 2006ರಲ್ಲಿ ಬಂತು, 847 ಸಿಸಿಯ ನಿಕೆನ್ 2018ರಲ್ಲಿ. ಇವು ನೋಡಲು ಮೂರು ಚಕ್ರ, ನಡೆಯಲ್ಲಿ ಮಾತ್ರ ಪೂರ್ತಿ ಎರಡು ಚಕ್ರದ ಬೈಕ್. ಒದ್ದೆ ರಸ್ತೆಯಲ್ಲಿ, ಮರಳು ಬಿದ್ದ ತಿರುವಿನಲ್ಲಿ ಮುಂದಿನ ಹಿಡಿತ ಚೆನ್ನಾಗಿರುತ್ತದೆ. ಆದರೆ ನಿಂತಾಗ ಬೀಳಬಹುದು! ಎಂಪಿ3ಯಲ್ಲಿ ವಾಲುವುದನ್ನು ಬಿಗಿ ಹಿಡಿಯುವ ಲಾಕ್ ಇದೆ. ನಿಕೆನ್‌ನಲ್ಲಿ ಅಂಥದ್ದಿಲ್ಲ, ಸಿಗ್ನಲ್‌ನಲ್ಲಿ ಕಾಲು ಕೆಳಗಿಡಲೇಬೇಕು. ಮೂರು ಚಕ್ರ ಇದೆ, ಬೀಳಲ್ಲ ಅಂತ ನಂಬಿ ನನ್ನಂಥ ಕಾಲಿನವರು ನಿಕೆನ್ ತೆಗೆದುಕೊಂಡರೆ ಕಷ್ಟ. ಆ ಕಾರಣಕ್ಕೇ ನಾನು ಈ ಗುಂಪನ್ನು ಪಕ್ಕಕ್ಕಿಟ್ಟೆ.

ವಾಲದ ಗಾಡಿಗಳಲ್ಲಿ ಎರಡು ಬಗೆ. ಒಂದು, ಮಕ್ಕಳ ಮೂರು ಚಕ್ರದ ಸೈಕಲ್ಲಿನ ಹಾಗೆ ಮುಂದೆ ಒಂದು, ಹಿಂದೆ ಎರಡು. ಹಾರ್ಲೆ ಡೇವಿಡ್ಸನ್ ಟ್ರೈ ಗ್ಲೈಡ್ ಈ ಬಗೆಯದು. ಹೋಂಡಾ ಗೋಲ್ಡ್ ವಿಂಗ್ ಬೈಕಿಗೆ ಹಿಂದಿನ ಆಕ್ಸಲ್ ಬದಲಿಸಿ ಮಾಡಿಸಿಕೊಳ್ಳುವವೂ ಇದೇ. ಇನ್ನೊಂದು, ಮುಂದೆ ಎರಡು, ಹಿಂದೆ ಒಂದು. ಕ್ಯಾನ್-ಆಮ್ ಕಂಪನಿಯ ಸ್ಪೈಡರ್, ರೈಕರ್ ಈ ಬಗೆ. ನಾನು ಆರಿಸಿಕೊಂಡದ್ದು ರೈಕರ್.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಮುಖ್ಯ. ವಾಲದ ಗಾಡಿ ತಿರುವಿಗೆ ಹೋದಾಗ ಅದರ ಭಾರ ತಿರುವಿನ ಹೊರಗಡೆಗೆ ಎಳೆಯುತ್ತದೆ. ಮೂರು ಚಕ್ರಗಳನ್ನು ಗೆರೆಯಿಂದ ಸೇರಿಸಿದರೆ ನೆಲದ ಮೇಲೆ ಒಂದು ತ್ರಿಕೋನ ಆಗುತ್ತದಲ್ವಾ? ಭಾರದ ಒತ್ತಡ ಆ ತ್ರಿಕೋನದ ಒಳಗೆ ಇರುವವರೆಗೆ ಗಾಡಿ ನೆಟ್ಟಗಿರುತ್ತದೆ. ಆಚೆ ಹೋದರೆ ಒಳಗಿನ ಚಕ್ರ ಏಳುತ್ತದೆ. ಈಗ ತಿರುವಿನ ನಡುವೆ ಹೆದರಿ ಬ್ರೇಕ್ ಒತ್ತಿದಿರಿ ಅಂದುಕೊಳ್ಳಿ. ಭಾರ ಮುಂದಕ್ಕೆ ಬರುತ್ತದೆ. ಮುಂದೆ ಒಂದೇ ಚಕ್ರ ಇರುವ ಗಾಡಿಯಲ್ಲಿ ಅದು ತ್ರಿಕೋನದ ಚೂಪಾದ ತುದಿಯ ಕಡೆಗೆ ಬರುತ್ತದೆ, ಅಂದರೆ ಆಧಾರ ತೀರ ಕಡಿಮೆ ಇರುವ ಕಡೆಗೆ. ಮುಂದೆ ಎರಡು ಚಕ್ರ ಇದ್ದರೆ ಅಗಲವಾದ ಬದಿಗೆ ಬರುತ್ತದೆ. ಹೊಸಬರು ತಿರುವಿನಲ್ಲಿ ಹೆದರಿ ಬ್ರೇಕ್ ಒತ್ತೇ ಒತ್ತುತ್ತಾರೆ. ಆ ಗಳಿಗೆಯಲ್ಲಿ ನನಗೆ ಆಸರೆ ಬೇಕಿತ್ತು. ಸ್ಪೈಡರ್, ರೈಕರ್‌ಗಳಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಎಬಿಎಸ್ ಜೊತೆಗೆ ಸ್ಟೆಬಿಲಿಟಿ ಕಂಟ್ರೋಲ್ ಕೂಡ ಇದೆ. ಚಕ್ರ ಏಳುವ ಸೂಚನೆ ಸಿಕ್ಕರೆ ಅದು ಎಂಜಿನ್ ಬಲ ಇಳಿಸುತ್ತದೆ, ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತದೆ.

ಹಾಗಂತ ಹಿಂದೆ ಎರಡು ಚಕ್ರದವು ಕೆಟ್ಟವು ಅಂತಲ್ಲ. ಟ್ರೈ ಗ್ಲೈಡ್‌ನಲ್ಲಿ ಸಾಮಾನಿಗೆ, ಹಿಂದೆ ಕೂರುವವರಿಗೆ ಸಿಗುವ ಜಾಗ ಬೇರೆಯಲ್ಲಿಲ್ಲ. ಆದರೆ ಅದು 500 ಕೆಜಿ ದಾಟಿದ ಗಾಡಿ. ಅಗಲವೆಲ್ಲ ನಿಮ್ಮ ಬೆನ್ನ ಹಿಂದೆ ಇರುತ್ತದೆ. ಮುಂದಿನ ಚಕ್ರ ಸಲೀಸಾಗಿ ದಾಟಿದ ಜಾಗದಲ್ಲಿ ಹಿಂದಿನ ಚಕ್ರ ರಸ್ತೆ ಬದಿಯ ಕಲ್ಲಿಗೆ ತಗಲಬಹುದು. ಕಲಿಯುವಾಗ ಅಗಲ ಕಣ್ಣೆದುರಿಗೆ ಇರುವುದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ರೈಕರ್‌ನ ಇನ್ನೆರಡು ಗುಣ ನನಗೆ ಹಿಡಿಸಿದವು. ಅದರಲ್ಲಿ ಕ್ಲಚ್ ಇಲ್ಲ, ಗೇರ್ ಬದಲಿಸುವ ಕೆಲಸ ಇಲ್ಲ, ಸ್ಕೂಟರಿನ ಹಾಗೆ ವೇಗಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಸಿವಿಟಿ. ಹ್ಯಾಂಡಲಿನಲ್ಲಿ ಬ್ರೇಕ್ ಲಿವರ್ ಕೂಡ ಇಲ್ಲ. ಬಲಗಾಲಿನ ಒಂದೇ ಪೆಡಲ್ ಮೂರು ಚಕ್ರಕ್ಕೂ ಬ್ರೇಕ್ ಹಾಕುತ್ತದೆ. ಕಾರಿನಿಂದ ಬಂದ ನನಗೆ ಇದು ಸಹಜವಾಗಿ ಬಂತು. ವರ್ಷಗಟ್ಟಲೆ ಬೈಕ್ ಓಡಿಸಿದ ನನ್ನ ಗೆಳೆಯ ಒಮ್ಮೆ ಹತ್ತಿದಾಗ ಅವನ ಬೆರಳುಗಳು ಮತ್ತೆ ಮತ್ತೆ ಇಲ್ಲದ ಲಿವರ್ ಹುಡುಕುತ್ತಿದ್ದವು.

ಅವನನ್ನು ಕಾಡಿದ ದೊಡ್ಡ ತೊಂದರೆ ಅದಲ್ಲ, ಹ್ಯಾಂಡಲ್. ಎರಡು ಚಕ್ರದ ಬೈಕನ್ನು ವೇಗದಲ್ಲಿ ಬಲಕ್ಕೆ ತಿರುಗಿಸಬೇಕಾದರೆ ಬಲಗೈಯನ್ನು ಮುಂದಕ್ಕೆ ಒತ್ತಬೇಕು, ಆಗ ಗಾಡಿ ಬಲಕ್ಕೆ ವಾಲಿ ತಿರುಗುತ್ತದೆ. ವಾಲದ ಮೂರು ಚಕ್ರದಲ್ಲಿ ಇದು ಉಲ್ಟಾ. ಬಲಕ್ಕೆ ಹೋಗಲು ಹ್ಯಾಂಡಲನ್ನೇ ಬಲಕ್ಕೆ ತಿರುಗಿಸಬೇಕು, ಅಂದರೆ ಎಡಗೈ ಮುಂದೆ ತಳ್ಳಬೇಕು, ಬಲಗೈ ಎಳೆಯಬೇಕು. ಹಳೇ ಅಭ್ಯಾಸ ಇರುವವರ ಕೈ ಮೊದಲ ತಿರುವಿನಲ್ಲೇ ಗಾಡಿಯನ್ನು ಹೊರಗಡೆಗೆ ಕಳಿಸುತ್ತದೆ. ಏನೂ ಗೊತ್ತಿಲ್ಲದವರಿಗೆ ಇಲ್ಲಿ ಅನುಕೂಲ ಜಾಸ್ತಿ, ಮರೆಯಬೇಕಾದದ್ದು ಏನೂ ಇಲ್ಲ. ವಾಲುವ ಗಾಡಿಗಳ ವಿಷಯ ಬೇರೆ. ಅಲ್ಲಿ ಎರಡು ಚಕ್ರದ ಅನುಭವ ಇದ್ದವರೇ ಬೇಗ ಹೊಂದಿಕೊಳ್ಳುತ್ತಾರೆ.

ನಾನು ಕಲಿತದ್ದು ಖಾಲಿ ಮೈದಾನದಲ್ಲಿ, ಗೊತ್ತಿದ್ದವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಮೊದಲು ನಡೆಯುವ ವೇಗದಲ್ಲಿ ನೇರ ಹೋಗಿ ನಿಲ್ಲಿಸುವುದು. ನಿಂತಾಗ ಎರಡೂ ಪಾದ ಮೇಲೆಯೇ ಇರಬೇಕು, ಗಾಡಿ ತಾನೇ ನಿಲ್ಲುತ್ತದೆ. ಇದು ಸಣ್ಣ ಮಾತಲ್ಲ. ಹಿಂದೆ ಎರಡು ಚಕ್ರದ ಗಾಡಿ ಚಲಿಸುವಾಗ ಕಾಲು ಕೆಳಗಿಟ್ಟರೆ ಹಿಂದಿನ ಚಕ್ರ ಪಾದದ ಮೇಲೇ ಹತ್ತಬಹುದು. ಬೈಕ್ ಅಭ್ಯಾಸ ಇರುವವರಿಗೆ ಕಾಲು ತಾನಾಗಿ ಇಳಿಯುತ್ತದೆ, ಅವರು ಇನ್ನೂ ಹುಷಾರಾಗಿರಬೇಕು.

ಆಮೇಲೆ ದೊಡ್ಡ ಸುತ್ತುಗಳು, ನಂತರ ಎಂಟರ ಆಕಾರ. ಇಲ್ಲಿ ಮೈ ಹೊರಕ್ಕೆ ಜಾರುತ್ತದೆ. ಗಾಡಿ ವಾಲುವುದಿಲ್ಲ, ಅದಕ್ಕೆ ನಾವು ವಾಲಬೇಕು. ತಿರುವಿನ ಒಳಗಡೆಗೆ ಎದೆ ಬಾಗಿಸಿ, ಹೊರಗಡೆಯ ಪಾದವನ್ನು ಒತ್ತಿ ಹಿಡಿದು, ಮೊಣಕಾಲಿನಿಂದ ಗಾಡಿಯನ್ನು ಅಪ್ಪಿ ಕೂತರೆ ಕೈಗಳಿಗೆ ಬಿಡುವು ಸಿಗುತ್ತದೆ. ಹೊಸಬರು ಹ್ಯಾಂಡಲನ್ನೇ ಆಸರೆಗೆ ಹಿಡಿಯುತ್ತಾರೆ. ಹಿಡಿತ ಬಿಗಿಯಾದಷ್ಟೂ ರಸ್ತೆಯ ಪ್ರತಿ ಉಬ್ಬೂ ತೋಳಿನ ಮೂಲಕ ಹ್ಯಾಂಡಲಿಗೆ ಹೋಗಿ ಗಾಡಿ ಅಲ್ಲಾಡುತ್ತದೆ. ಆಗ ಗಾಡಿಯಲ್ಲಿ ದೋಷ ಇದೆ ಅನ್ನಿಸುತ್ತದೆ. ಮೊಣಕೈ ಸಡಿಲ ಬಿಟ್ಟು ನೋಡಿ, ಅದೇ ಗಾಡಿ ಗೆರೆ ಎಳೆದ ಹಾಗೆ ಹೋಗುತ್ತದೆ. ಈ ಒಂದು ವಿಷಯ ನನ್ನ ಮೈಗೆ ಹತ್ತಲು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ನೀವೂ ಇದಕ್ಕೇ ಹೆಚ್ಚು ಹೊತ್ತು ಕೊಡಿ.

ಚಿಕ್ಕ ತಿರುವಿನಲ್ಲಿ ಹ್ಯಾಂಡಲ್ ಜೊತೆ ಬಲ ಮಣಿಕಟ್ಟೂ ತಿರುಚಿ ಆಕ್ಸಿಲರೇಟರ್ ಬೇಡದೇ ತೆರೆದುಕೊಳ್ಳುವುದುಂಟು. ಮಣಿಕಟ್ಟು ತಗ್ಗಿಸದೆ, ಮೊಣಕೈ ಚಲಿಸಲು ಬಿಟ್ಟರೆ ಇದು ನಿಲ್ಲುತ್ತದೆ.

ಜೋರು ಬ್ರೇಕ್ ಹಾಕುವುದನ್ನು ನೇರ ದಾರಿಯಲ್ಲಿ, ವೇಗ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಕಲಿತೆ. ಮೂರು ಚಕ್ರವೂ ಒಟ್ಟಿಗೆ ಕಚ್ಚುವುದರಿಂದ ಗಾಡಿ ಬೇಗ ನಿಲ್ಲುತ್ತದೆ. ನಿಮ್ಮ ಹಿಂದೆ ಬರುವ ಕಾರು ಅಷ್ಟು ಬೇಗ ನಿಲ್ಲದಿರಬಹುದು ಅನ್ನೋದೂ ನೆನಪಿರಲಿ. ತಿರುವಿಗೆ ಬೇಕಾದ ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಿ, ಒಳಗೆ ಹೋದ ಮೇಲೆ ಆಕ್ಸಿಲರೇಟರ್ ಹದವಾಗಿ ಕೊಡುತ್ತಾ ಹೊರಬರಬೇಕು. ಸ್ಟೆಬಿಲಿಟಿ ಕಂಟ್ರೋಲ್ ನಡುವೆ ಬಂದು ಎಂಜಿನ್ ತಗ್ಗಿಸಿತು ಅಂದರೆ ನೀವು ಮಿತಿಯ ಹತ್ತಿರ ಇದ್ದೀರಿ ಅಂತ ಅರ್ಥ. ಅದನ್ನು ದಿನಾ ನಂಬಿಕೊಂಡು ಓಡಿಸುವುದು ಬೇಡ.

ರಸ್ತೆಗೆ ಇಳಿದ ಮೇಲೆ ಕಣ್ಣಿನ ಕೆಲಸ ಬದಲಾಗುತ್ತದೆ. ಎರಡು ಚಕ್ರದ ಬೈಕಿಗೆ ಒಂದೇ ಜಾಡು, ಕಾರಿಗೆ ಎರಡು. ನಮಗೆ ಮೂರು! ಗುಂಡಿಯನ್ನು ಬಲಚಕ್ರದಿಂದ ತಪ್ಪಿಸಿದರೆ ನಡುವಿನ ಚಕ್ರಕ್ಕೆ ಸಿಗುತ್ತದೆ. ಹಾಗಾಗಿ ದೂರದಿಂದಲೇ ನೋಡಿ ವೇಗ ಇಳಿಸುವುದೊಂದೇ ದಾರಿ. ಇನ್ನೊಂದು, ಲೇನಿನ ನಡುಭಾಗದಲ್ಲಿ ಕಾರು, ಲಾರಿಗಳಿಂದ ಸೋರಿದ ಎಣ್ಣೆ ಕೂತಿರುತ್ತದೆ. ರೈಕರ್ ಥರದ ಗಾಡಿಯಲ್ಲಿ ಎಂಜಿನ್ ಬಲ ಹೋಗುವ ಹಿಂದಿನ ಚಕ್ರ ಓಡುವುದು ಅದರ ಮೇಲೇ. ಮಳೆ ಶುರುವಾದ ಹೊಸದರಲ್ಲಿ ಸಿಗ್ನಲ್‌ನಿಂದ ಹೊರಡುವಾಗ ಆಕ್ಸಿಲರೇಟರನ್ನು ಮೆತ್ತಗೆ ತಿರುಗಿಸಿ. ಜೋರು ಮಳೆಯಲ್ಲಂತೂ ವೇಗ ಬೇಡವೇ ಬೇಡ. ಟೈರ್ ಅಗಲ, ಗಾಡಿ ಕಾರಿಗಿಂತ ತುಂಬಾ ಹಗುರ. ನೀರನ್ನು ಸೀಳುವ ಬದಲು ಅದರ ಮೇಲೆ ತೇಲುತ್ತದೆ.

ಟೈರ್ ಗಾಳಿಯ ಬಗ್ಗೆ ಒಂದು ಮಾತು. ಸ್ಪೈಡರ್ ಥರದ ಗಾಡಿಯ ಮುಂದಿನ ಟೈರ್ ಕಾರಿನದರ ಹಾಗೆ ಕಾಣುತ್ತದೆ, ಆದರೆ ಅದಕ್ಕೆ ಬೇಕಾದ ಗಾಳಿ ಕಾರಿನ ಅರ್ಧದಷ್ಟು, ಸುಮಾರು 15 ಪಿಎಸ್ಐ. ಗಾಳಿ ಹಾಕುವವರು ರೂಢಿಯಂತೆ 30ಕ್ಕೆ ಏರಿಸಿಬಿಟ್ಟರೆ ಗಾಡಿ ಕುಪ್ಪಳಿಸುತ್ತದೆ, ಹಿಡಿತ ಕಮ್ಮಿಯಾಗುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಂಕಿ ನೋಡಿ, ಚಿಕ್ಕ ಗೇಜ್ ಒಂದನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ.

ರೈಕರ್‌ನ ಅಗಲ ಸುಮಾರು ಒಂದೂವರೆ ಮೀಟರ್. ನಿಂತ ಗಾಡಿಗಳ ಸಂದಿಯಲ್ಲಿ ನುಸುಳುವ ಆಸೆ ಬಿಟ್ಟುಬಿಡಿ. ಟ್ರಾಫಿಕ್‌ನಲ್ಲಿ ಕಾರಿನ ಜಾಗವೇ ನಿಮ್ಮದು. ಹಿಂದಕ್ಕೆ ತಳ್ಳುವ ಭಾರವೂ ಅಲ್ಲ ಇದು. ರಿವರ್ಸ್ ಗೇರ್ ಇದೆ, ಆದರೂ ಹೊರಬರಲು ಸುಲಭವಾಗುವ ಹಾಗೆ ನಿಲ್ಲಿಸುವುದು ನನಗೆ ಅಭ್ಯಾಸವಾಗಿದೆ. ನಿಲ್ಲಿಸಿದ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಲೇಬೇಕು, ಸ್ಟ್ಯಾಂಡ್ ಅನ್ನೋದು ಇದಕ್ಕಿಲ್ಲ.

ಲೈಸೆನ್ಸ್ ನಿಯಮ ದೇಶದಿಂದ ದೇಶಕ್ಕೆ, ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಲೈಸೆನ್ಸ್ ಇದ್ದರೆ ಸಾಕು, ಬೇರೆ ಕೆಲವು ಕಡೆ ಬೈಕಿನದೇ ಬೇಕು. ಕಾರಿನ ಲೈಸೆನ್ಸ್ ಸಾಕು ಅಂದ ಕಡೆಯೂ ತರಬೇತಿ ಬಿಡಬೇಡಿ. ಅಮೆರಿಕದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್ ಮೂರು ಚಕ್ರಕ್ಕೇ ಪ್ರತ್ಯೇಕ ಕೋರ್ಸ್ ಇಟ್ಟಿದೆ ಅಂದರೆ ಈ ಕೌಶಲ ಬೇರೆಯದೇ ಅಂತ ತಿಳಿಯಿರಿ. ಹೆಲ್ಮೆಟ್, ಕೈಗವಸು, ದಪ್ಪ ಜಾಕೆಟ್, ಪಾದದ ಗಂಟು ಮುಚ್ಚುವ ಶೂ ಎಲ್ಲವೂ ಬೇಕು. ಗಾಡಿ ತಾನಾಗಿ ಬೀಳದಿರಬಹುದು, ಆದರೆ ಯಾರಾದರೂ ಗುದ್ದಿದರೆ ನಮ್ಮ ಸುತ್ತ ಬಾಗಿಲೂ ಇಲ್ಲ, ಬೆಲ್ಟೂ ಇಲ್ಲ.

ಕೊಳ್ಳುವ ಮುಂಚೆ ಸಾಧ್ಯವಾದರೆ ಬಾಡಿಗೆಗೆ ತೆಗೆದುಕೊಂಡು ಪೂರ್ತಿ ಒಂದು ದಿನ ಓಡಿಸಿ. ಹತ್ತು ನಿಮಿಷದ ಟೆಸ್ಟ್ ರೈಡಿನಲ್ಲಿ ಖುಷಿ ಮಾತ್ರ ತಿಳಿಯುತ್ತದೆ. ಭುಜ ನೋಯುತ್ತದೋ, ಸೊಂಟಕ್ಕೆ ಹೊಂದುತ್ತದೋ ಅನ್ನೋದು ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ರೈಕರ್‌ನಲ್ಲಿ ಹ್ಯಾಂಡಲ್, ಕಾಲಿಡುವ ಜಾಗ ಎರಡನ್ನೂ ಪಾನಾ ಇಲ್ಲದೆ ಹಿಂದೆ ಮುಂದೆ ಮಾಡಬಹುದು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ದೂರದ ಕೈ ಚಾಚದೇ ತಲುಪುವ ಹಾಗೆ ಹೊಂದಿಸಿಕೊಳ್ಳಿ.

ಹಿಂದೆ ಯಾರನ್ನಾದರೂ ಕೂರಿಸುವ ಅವಸರ ಬೇಡ. ಅವರ ಭಾರ ಹಿಂದಿನ ಒಂಟಿ ಚಕ್ರದ ಮೇಲೆ ಬೀಳುತ್ತದೆ, ತಿರುವಿನ ಲೆಕ್ಕವೇ ಬದಲಾಗುತ್ತದೆ. ನಾನು ನನ್ನ ತಂಗಿಯನ್ನು ಕೂರಿಸಿದ್ದು ಮೊಣಕೈ ಸಡಿಲ ಬಿಡುವುದು ಯೋಚನೆಯಿಲ್ಲದೆ ಬರುತ್ತಿದೆ ಅಂತ ಖಾತ್ರಿಯಾದ ಮೇಲೆ. ಹೊರಡುವ ಮುಂಚೆ ಅವಳಿಗೆ ಹೇಳಿದ್ದು ಎರಡೇ ಮಾತು: ತಿರುವಿನಲ್ಲಿ ನನ್ನ ಭುಜ ಹೋದ ಕಡೆಗೇ ನೀನೂ ಬಾಗು, ಗಾಡಿ ಪೂರ್ತಿ ನಿಂತು ನಾನು ಹೇಳುವವರೆಗೆ ಕಾಲು ಕೆಳಗೆ ಇಡಬೇಡ.