ಹಣ್ಣು ಒಣಗಿತು ಅಂತ ಬಾಟಲಿ ಮುಚ್ಚುವ ಮುನ್ನ

ಮೊನ್ನೆ ಗೆಳತಿಯೊಬ್ಬಳು ಒಣಗಿಸಿದ ಸೇಬಿನ ಬಾಟಲಿ ತಂದು ತೋರಿಸಿದಳು. ಮೇಲಿನ ಹೋಳುಗಳು ಚೆನ್ನಾಗಿಯೇ ಇದ್ದವು. ತಳದಲ್ಲಿ ಮಾತ್ರ ಬಿಳಿ ಬೂಷ್ಟು. ‘ಪೂರ್ತಿ ಹತ್ತು ಗಂಟೆ ಒಣಗಿಸಿದ್ದೆ ಕಣೇ’ ಅಂದಳು. ಇದೇ ಮಾತನ್ನು ಇನ್ನೂ ಮೂರ್ನಾಲ್ಕು ಜನರ ಬಾಯಲ್ಲಿ ಕೇಳಿದ್ದೇನೆ. ಅವರ ಡಿಹೈಡ್ರೇಟರ್‌ನಲ್ಲಿ, ಅಂದರೆ ಬಿಸಿಗಾಳಿ ಹಾಯಿಸಿ ಒಣಗಿಸುವ ಯಂತ್ರದಲ್ಲಿ, ದೋಷ ಇರಲಿಲ್ಲ. ಗಡಿಯಾರ ನೋಡಿ ಒಣಗಿತು ಅಂದುಕೊಂಡಿದ್ದೇ ತಪ್ಪು.

ಮೊದಲು ಯಂತ್ರದ ವಿಚಾರ. ಮುಖ್ಯವಾಗಿ ಎರಡು ನೋಡಿ: ಫ್ಯಾನ್ ಎಲ್ಲಿದೆ, ಶಾಖ ಹೆಚ್ಚು ಕಡಿಮೆ ಮಾಡಲು ಬರುತ್ತದಾ. ಫ್ಯಾನ್ ಹಿಂಬದಿಯಲ್ಲಿದ್ದರೆ ಬಿಸಿಗಾಳಿ ಎಲ್ಲ ಟ್ರೇಗಳ ಮೇಲೂ ಹೆಚ್ಚು ಕಡಿಮೆ ಒಂದೇ ಸಮ ಹಾಯುತ್ತದೆ. ತಳದಲ್ಲಿದ್ದರೆ ಕೆಳಗಿನ ಟ್ರೇ ಬೇಗ ಒಣಗುತ್ತದೆ, ಮೇಲಿನದು ಹಸಿಯಾಗಿ ಉಳಿಯುತ್ತದೆ. ಆಗಾಗ ಟ್ರೇಗಳ ಜಾಗ ಬದಲಿಸುತ್ತಲೇ ಇರಬೇಕು. ಬರೀ ಆನ್-ಆಫ್ ಸ್ವಿಚ್ ಇರುವ ಯಂತ್ರ ಬೇಡವೇ ಬೇಡ. ಪುದೀನದಂಥ ಎಲೆಗೆ 35ರಿಂದ 45 ಡಿಗ್ರಿ ಸೆಲ್ಸಿಯಸ್ ಸಾಕು, ಹಣ್ಣಿಗೆ 57 ಬೇಕು. ಎರಡಕ್ಕೂ ಒಂದೇ ಶಾಖ ಕೊಟ್ಟರೆ ಯಾವುದಾದರೂ ಒಂದು ಕೆಡುತ್ತದೆ.

ಮೈಕ್ರೋವೇವ್‌ನಲ್ಲಿ ಬೇಗ ಆಗಲ್ವಾ ಅಂತ ಕೇಳುತ್ತಾರೆ. ಎಲೆಗಳಿಗೆ ಆಗಬಹುದು. ಹಣ್ಣಿನ ಹೋಳು ಒಣಗುವುದಿಲ್ಲ, ಬೇಯುತ್ತದೆ.

ಹಣ್ಣು ತೊಳೆದು, ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿಕೊಳ್ಳಿ. ದಪ್ಪ ಎಲ್ಲ ಹೋಳಿಗೂ ಒಂದೇ ಇರಲಿ. ಸೇಬು ಕಪ್ಪಾಗದಿರಲು ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಹತ್ತು ನಿಮಿಷ ನೆನೆಸಿ ತೆಗೆಯಿರಿ. ಕ್ಯಾರೆಟ್, ಬೀನ್ಸ್ ಆದರೆ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿ. ಇಲ್ಲದಿದ್ದರೆ ಒಣಗಿದ ಮೇಲೂ ಬಣ್ಣ, ರುಚಿ ಕೆಡುತ್ತಾ ಹೋಗುತ್ತದೆ. ಈರುಳ್ಳಿಗೆ ಇದು ಬೇಡ. ನಂತರ ಒಂದರ ಮೇಲೊಂದು ಬೀಳದಂತೆ ಟ್ರೇಯಲ್ಲಿ ಹರಡಿ.

ಇನ್ನು ಜನ ಎಡವುವ ಜಾಗ. ಬೇಗ ಆಗಲಿ ಅಂತ ಶಾಖ ಏರಿಸುತ್ತಾರೆ. ಆಗ ಹೋಳಿನ ಹೊರಮೈ ಮೊದಲೇ ಗಟ್ಟಿಯಾಗಿ ಸಿಪ್ಪೆ ಕಟ್ಟುತ್ತದೆ. ಒಳಗಿನ ನೀರಿಗೆ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಮುಟ್ಟಿದರೆ ಒಣಗಿದಂತೆ ಅನಿಸುತ್ತದೆ, ಒಳಗೆ ತೇವ ಕೂತಿರುತ್ತದೆ. ಬೂಷ್ಟು ಶುರುವಾಗುವುದು ಅಲ್ಲಿಂದಲೇ. ಹಾಗೆಯೇ ಅರ್ಧ ಒಣಗಿದ ಹೋಳುಗಳ ಜೊತೆ ಹಸಿ ಹೋಳು ಸೇರಿಸಬೇಡಿ. ಹಸಿಯದರ ತೇವವನ್ನು ಒಣಗಿದ್ದು ಹೀರಿಕೊಳ್ಳುತ್ತದೆ.

ಒಣಗಿದೆಯಾ ಅಂತ ಬಿಸಿಯಲ್ಲಿ ನೋಡಿದರೆ ಗೊತ್ತಾಗದು. ಬಿಸಿ ಹೋಳು ಯಾವಾಗಲೂ ಮೆತ್ತಗೇ ಇರುತ್ತದೆ. ಬೇರೆ ಬೇರೆ ಟ್ರೇಯಿಂದ ನಾಲ್ಕೈದು ಹೋಳು ತೆಗೆದು, ಪೂರ್ತಿ ಆರಲು ಬಿಡಿ. ಒಂದನ್ನು ಹರಿದು, ಹರಿದ ಅಂಚನ್ನು ಎರಡು ಬೆರಳಲ್ಲಿ ಜೋರಾಗಿ ಹಿಂಡಿ. ಚೂರೂ ಪಸೆ ಕಾಣಬಾರದು. ಇನ್ನೊಂದನ್ನು ಮಡಚಿ ಬಿಡಿ. ಅಂಟಿಕೊಳ್ಳದೆ ಬಿಚ್ಚಿಕೊಳ್ಳಬೇಕು. ಹಣ್ಣು ಬಳುಕಿದರೆ ಪರವಾಗಿಲ್ಲ, ತರಕಾರಿ ಮಾತ್ರ ಪಟ್ಟನೆ ಮುರಿಯಬೇಕು. ಸೇಬಿಗೆ 6ರಿಂದ 12 ಗಂಟೆ ಅನ್ನುತ್ತಾರೆ. ಅದು ಅಂದಾಜು ಅಷ್ಟೇ, ಗಾಳಿಯಲ್ಲಿ ತೇವ ಇದ್ದ ದಿನ ಜಾಸ್ತಿಯೇ ಬೇಕಾಗುತ್ತದೆ.

ಇಷ್ಟಾದ ಮೇಲೂ ಹಣ್ಣಿಗೆ ಇನ್ನೊಂದು ವಾರ ಕೆಲಸ ಇದೆ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಎಷ್ಟೇ ಜಾಗ್ರತೆ ವಹಿಸಿದರೂ ಎಲ್ಲ ಹೋಳು ಸಮನಾಗಿ ಒಣಗಿರುವುದಿಲ್ಲ. ಆರಿದ ಹಣ್ಣನ್ನು ಗಾಜಿನ ಬಾಟಲಿಗೆ ಮುಕ್ಕಾಲಿಗೂ ಕಡಿಮೆ, ಮೂರರಲ್ಲಿ ಎರಡು ಪಾಲಿನಷ್ಟು, ಸಡಿಲವಾಗಿ ತುಂಬಿ ಮುಚ್ಚಿ. 7ರಿಂದ 10 ದಿನ, ದಿನಕ್ಕೊಮ್ಮೆ ಅಲುಗಾಡಿಸಿ. ಜಾಸ್ತಿ ತೇವ ಇರುವ ಹೋಳಿನಿಂದ ಕಡಿಮೆ ಇರುವುದಕ್ಕೆ ಅದು ಹಂಚಿಹೋಗುತ್ತದೆ. ಅಲುಗಾಡಿಸುವಾಗ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೋಡೆಯ ಮೇಲೆ ಸಣ್ಣ ಬೆವರ ಹನಿ ಕಂಡರೆ ಎಲ್ಲವನ್ನೂ ಮತ್ತೆ ಟ್ರೇಗೆ ಹಾಕಿ ಒಣಗಿಸಿ. ಬೂಷ್ಟು ಕಂಡರೆ ಆ ಬಾಟಲಿಯದನ್ನು ಪೂರ್ತಿ ಎಸೆಯಿರಿ, ಮೇಲಿನದು ಚೆನ್ನಾಗಿದೆ ಅಂತ ಆರಿಸಿ ತಿನ್ನಬೇಡಿ. ಗೆಳತಿಗೂ ಅದನ್ನೇ ಹೇಳಿದೆ.

ಆಮೇಲೆ ಗಾಳಿಯಾಡದ ಚಿಕ್ಕ ಚಿಕ್ಕ ಬಾಟಲಿಗಳಿಗೆ ಹಾಕಿ ಕತ್ತಲಲ್ಲಿ, ತಂಪಾದ ಕಡೆ ಇಡಿ. ದೊಡ್ಡ ಡಬ್ಬಿಯಾದರೆ ತೆರೆದಾಗಲೆಲ್ಲ ಅಷ್ಟಕ್ಕೂ ತೇವದ ಗಾಳಿ ತಾಗುತ್ತದೆ. 15 ಡಿಗ್ರಿಯ ಜಾಗದಲ್ಲಿ ಹಣ್ಣು ಒಂದು ವರ್ಷ ಇರುತ್ತದೆ, 27 ಡಿಗ್ರಿಯಲ್ಲಿ ಆರು ತಿಂಗಳು. ತರಕಾರಿ ಅದರ ಅರ್ಧ ಕಾಲ. ಹಾಗಾಗಿ ಒಣಗಿಸಿದ ತಾರೀಖನ್ನು ಬಾಟಲಿಯ ಮೇಲೆ ಬರೆದು ಅಂಟಿಸಿ.